ಕ್ರೀಡಾಂಗಣದ ದಂಡನೆ ಮತ್ತು ಮನೆಯವರ ಹೊಣೆ

ಶ್ರಾವಣ ಮಾಸದಲ್ಲಿ ಬಸವನ ಬಾಗೇವಾಡಿಯ ಜಾತ್ರೆಗೆ ಬರುವ ಸದ್ಭಕ್ತರು ದರ್ಶನ ಮುಗಿಸಿಕೊಂಡು ಕುಸ್ತಿಯ ಕಣದ ಸುತ್ತ ನೆರೆಯುವುದು ನಮ್ಮ ಭಾಗದ ಹಳೆಯ ರೂಢಿ. ಪೈಲವಾನನು ಎಷ್ಟೇ ಬಲಶಾಲಿಯಾಗಿರಲಿ, ಕಣದೊಳಗೆ ಪಂಚರ ಮಾತನ್ನು ಮೀರುವಂತಿಲ್ಲ. ಮೀರಿದವನು ಕಣ ಬಿಟ್ಟು ಇಳಿಯಬೇಕು. ಇದನ್ನು ನೋಡುತ್ತ ಬೆಳೆದ ನಮಗೆ ಇಂದಿನ ಕಾಲೇಜು ಕ್ರೀಡೆಗಳ ಹಳದಿ ಕಾರ್ಡು, ಕೆಂಪು ಕಾರ್ಡುಗಳು ಹೊಸವೆನಿಸಿದರೂ ಅವುಗಳ ಹಿಂದಿರುವ ತತ್ತ್ವ ಹೊಸದೆನಿಸುವುದಿಲ್ಲ.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಕೆಲಕಾಲದ ಹಿಂದೆ ಸಿಂದಗಿ ಕಡೆಯ ರೈತರೊಬ್ಬರು ನಮ್ಮಲ್ಲಿಗೆ ಬಂದರು. ಅವರ ಮಗ ಪದವಿ ಕಾಲೇಜೊಂದರ ವಾಲಿಬಾಲ್ ಆಟಗಾರ. ಪಂದ್ಯವೊಂದರಲ್ಲಿ ನಿರ್ಣಾಯಕರ ಮೇಲೆ ಏರಿಹೋಗಿ ಆಟದಿಂದಲೇ ಹೊರಬಿದ್ದಿದ್ದನು. ಮರುದಿನ ಕಾಲೇಜಿನಲ್ಲಿ, ಇನ್ನು ಮೈದಾನದ ಕಡೆ ಬರಬೇಡವೆಂದು ಬಾಯಿಮಾತಿನಲ್ಲಿ ಹೇಳಿಬಿಟ್ಟರಂತೆ. ಎಷ್ಟು ದಿನ, ಯಾರ ಆದೇಶ, ಯಾವ ನಿಯಮ, ಒಂದೂ ತಿಳಿಯದು. ಹುಡುಗನು ನಾಚಿಕೆಯಿಂದ ತರಗತಿಗೆ ಹೋಗುವುದನ್ನೂ ಬಿಟ್ಟಿದ್ದನು. "ಗುರುಗಳ, ಮಗ ತಪ್ಪು ಮಾಡ್ಯಾನ, ಖರೆ ಐತ್ರಿ. ಆದರ ಅವನ ಓದೂ ಹೋಗಬೇಕೇನ್ರಿ?" ಎಂದು ಆ ತಂದೆ ಕೇಳಿದಾಗ ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ತಿಳಿದವರನ್ನು ಕೇಳಿ, ನಿಯಮಗಳನ್ನು ಓದಿ ಅರಿತುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಎರಡು ದಂಡನೆಗಳು

ಕ್ರೀಡೆಯಲ್ಲಿ ಆಟಗಾರನನ್ನು ದೂರವಿಡುವ ಕ್ರಮಗಳು ಎರಡು. ಆಟ ನಡೆದಿರುವಾಗಲೇ ನಿರ್ಣಾಯಕರು ಹೊರಗೆ ಕಳಿಸುವುದು ಒಂದು. ಆಟ ಮುಗಿದ ಮೇಲೆ ಸಂಸ್ಥೆಯವರು ಮುಂದಿನ ಪಂದ್ಯಗಳಿಗೆ ಅಥವಾ ಇಂತಿಷ್ಟು ಕಾಲಕ್ಕೆ ಅಮಾನತು ಮಾಡುವುದು ಇನ್ನೊಂದು. ಜನರು ಇವೆರಡನ್ನೂ ಒಂದೇ ಎಂದು ಬಗೆಯುತ್ತಾರೆ. ನಮ್ಮ ರೈತ ಭಕ್ತರ ದುಃಖದ ಮೂಲವೂ ಈ ಗೊಂದಲವೇ ಆಗಿತ್ತು.

ಮೊದಲನೆಯದರಲ್ಲಿ ವಿಚಾರಣೆಗೆ ಸಮಯವಿಲ್ಲ. ಆದುದರಿಂದಲೇ ಅದಕ್ಕೆ ಮೆಟ್ಟಿಲುಗಳಿವೆ. ವಾಲಿಬಾಲ್‌ನಲ್ಲಿ ಬರಿಯ ಕೆಂಪು ಕಾರ್ಡು ತೋರಿದರೆ ಎದುರಾಳಿಗೆ ಒಂದು ಅಂಕವೂ ಸರ್ವಿಸ್ಸೂ ದೊರೆಯುತ್ತವೆ. ಆಟಗಾರನು ಹೊರಗೆ ಹೋಗಬೇಕಾಗಿಲ್ಲ. ಕೆಂಪು, ಹಳದಿ ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ತೋರಿದರೆ ಆ ಸೆಟ್ ಮುಗಿಯುವವರೆಗೆ ಅವನು ಹೊರಗೆ. ಎರಡು ಕೈಗಳಲ್ಲಿ ಬೇರೆಬೇರೆಯಾಗಿ ತೋರಿದರೆ ಇಡೀ ಪಂದ್ಯದಿಂದಲೇ ಹೊರಗೆ. ಕಬಡ್ಡಿಯಲ್ಲಿ ಹಸಿರು ಕಾರ್ಡು ಎಚ್ಚರಿಕೆ, ಹಳದಿಯು 2 ನಿಮಿಷಗಳ ಹೊರವಾಸ, ಕೆಂಪು ಪಂದ್ಯದಿಂದ ಹೊರಗೆ. ಫುಟ್‌ಬಾಲ್‌ನಲ್ಲಿ ಕೆಂಪು ಕಾರ್ಡು ಕಂಡವನ ಜಾಗಕ್ಕೆ ಬೇರೊಬ್ಬನು ಬರುವಂತಿಲ್ಲ. ಒಬ್ಬನ ಸಿಟ್ಟಿಗೆ ಉಳಿದ ಹತ್ತು ಮಂದಿ ಬೆವರು ಸುರಿಸಬೇಕು.

ಈ ಕಾರ್ಡುಗಳು ಬಂದುದು ಇಂಗ್ಲೆಂಡಿನ ನಿರ್ಣಾಯಕ ಕೆನ್ ಆಸ್ಟನ್ ಅವರಿಂದ. ರಸ್ತೆಯ ಸಂಚಾರ ದೀಪಗಳನ್ನು ಕಂಡಾಗ ಅವರಿಗೆ ಈ ಉಪಾಯ ಹೊಳೆಯಿತು. 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಅವು ಮೊದಲು ಬಳಕೆಗೆ ಬಂದವು. ಭಾಷೆ ಬೇರೆಯಾದ ಆಟಗಾರನಿಗೂ ನೋಡುವ ಜನರಿಗೂ ತೀರ್ಪು ಕೂಡಲೇ ತಿಳಿಯಲೆಂಬುದು ಉದ್ದೇಶ. ಸಭ್ಯರ ಆಟವೆನಿಸಿದ ಕ್ರಿಕೆಟ್ಟಿಗೂ ಕಡೆಗೆ ಈ ನಿಯಮ ಅನಿವಾರ್ಯವಾಯಿತು. 2017ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮಾವಳಿಯಲ್ಲಿ, ಹಲ್ಲೆಯಂಥ ಘೋರ ತಪ್ಪು ಮಾಡಿದವನನ್ನು ಪಂದ್ಯ ಮುಗಿಯುವವರೆಗೆ ಹೊರಗೆ ಕಳಿಸುವ ಅಧಿಕಾರವು ಅಂಪೈರುಗಳಿಗೆ ದೊರೆಯಿತು.

ಕೇಳದೆ ದಂಡಿಸಲಾಗದು

ಎರಡನೆಯದಾದ ಅಮಾನತಿನ ಸ್ವಭಾವವೇ ಬೇರೆ. ಇದರಲ್ಲಿ ಸಮಯವಿದೆ; ಸಮಯವಿರುವಲ್ಲಿ ವಿಚಾರಣೆಯೂ ಇರಬೇಕು. ವಿಜಯಪುರ ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಬಂದವು. ಅಂತರ ಕಾಲೇಜು ಪಂದ್ಯಗಳಲ್ಲಿ ಮಿಂಚಿದವನು ವಿಶ್ವವಿದ್ಯಾಲಯದ ತಂಡ ಸೇರಿ ಯೂನಿವರ್ಸಿಟಿ ಬ್ಲೂ ಎನಿಸಿಕೊಳ್ಳುತ್ತಾನೆ. ಮುಂದೆ ರೈಲ್ವೆಯಂಥ ಇಲಾಖೆಗಳ ಕ್ರೀಡಾ ಮೀಸಲಾತಿಗೆ ಅದೇ ಪ್ರಮಾಣಪತ್ರ ಆಧಾರ. ಆದ್ದರಿಂದ ಒಂದು ವರ್ಷದ ಅಮಾನತೆಂದರೆ ಬಡ ರೈತನ ಮಗನಿಗೆ ಆಟವೊಂದೇ ಹೋದಂತಲ್ಲ, ಬಾಳಿನ ದಾರಿಯೊಂದು ಮುಚ್ಚಿದಂತೆಯೂ ಆದೀತು.

ದಂಡಿಸುವ ಮುನ್ನ ಕೇಳಬೇಕೆಂಬುದು ಕೇವಲ ಔದಾರ್ಯದ ಮಾತಲ್ಲ. ಪರೀಕ್ಷೆಯಲ್ಲಿ ಅಕ್ರಮವೆಸಗಿದರೆಂದು ಉತ್ತರ ಪ್ರದೇಶದ ಶಿಕ್ಷಣ ಮಂಡಳಿಯು ವಿದ್ಯಾರ್ಥಿಗಳ ಮಾತನ್ನು ಆಲಿಸದೆಯೇ ಅವರ ಫಲಿತಾಂಶವನ್ನು ರದ್ದುಪಡಿಸಿದ್ದ ಪ್ರಕರಣದಲ್ಲಿ, ಅಂಥವರಿಗೆ ತಮ್ಮ ಅಹವಾಲನ್ನು ಹೇಳಿಕೊಳ್ಳುವ ಅವಕಾಶ ಕೊಡಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿಯೇ ಸಾರಿತು. ಆ ಪ್ರಕರಣ ಕ್ರೀಡೆಯದಲ್ಲ; ಆದರೆ ವಿದ್ಯಾರ್ಥಿಯ ಭವಿಷ್ಯವನ್ನು ತಟ್ಟುವ ದಂಡನೆಗೆ ಅದರ ತತ್ತ್ವ ಸಲ್ಲುತ್ತದೆ.

ಮೇಲ್ಮನವಿಯ ಬೆಲೆಯನ್ನು ನಮ್ಮ ನಾಡಿನ ಅನಿಲ್ ಕುಂಬ್ಳೆಯವರು ಭಾರತ ತಂಡದ ನಾಯಕರಾಗಿದ್ದ ಕಾಲದಲ್ಲಿ ಜಗತ್ತೇ ಕಂಡಿತು. 2008ರ ಜನವರಿಯ ಸಿಡ್ನಿ ಟೆಸ್ಟಿನಲ್ಲಿ ಜನಾಂಗ ನಿಂದನೆಯ ಆರೋಪದ ಮೇಲೆ ಹರಭಜನ್ ಸಿಂಗ್ ಅವರಿಗೆ 3 ಟೆಸ್ಟ್‌ಗಳ ನಿಷೇಧ ಬಿತ್ತು. ಮೇಲ್ಮನವಿಯನ್ನು ಆಲಿಸಿದ ನ್ಯೂಜಿಲೆಂಡಿನ ನ್ಯಾಯಾಧೀಶ ಜಾನ್ ಹ್ಯಾನ್ಸನ್ ಅವರು ಆ ಆರೋಪ ಸಾಬೀತಾಗಿಲ್ಲವೆಂದು ನಿಷೇಧವನ್ನು ತೆಗೆದರು. ನಿಂದನೆಯ ತಪ್ಪಿಗೆ ಪಂದ್ಯಶುಲ್ಕದ ಅರ್ಧದಷ್ಟು ದಂಡ ವಿಧಿಸಿದರು. ಹಾಗೆಂದು ಮೇಲ್ಮನವಿ ಯಾವಾಗಲೂ ಆಟಗಾರನ ಪರವಾಗುವುದೆಂದು ತಿಳಿಯಬಾರದು. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರು ಮರುವರ್ಷ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಲುಕಿದರು. ಮೊದಲು ವಿಧಿಸಿದ್ದ 1 ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯು 2012ರಲ್ಲಿ 2 ವರ್ಷಕ್ಕೆ ಏರಿಸಿತು. ತರಬೇತುದಾರರು ಕೊಟ್ಟದ್ದನ್ನು ಸೇವಿಸಿದೆವೆಂಬ ಸಮಾಧಾನ ಪೂರ್ತಿಯಾಗಿ ರಕ್ಷಿಸಲಾರದು. ಮಕ್ಕಳು ನುಂಗುವ ಗುಳಿಗೆ, ಪುಡಿಗಳ ಮೇಲೆ ತಾಯಂದಿರ ಕಣ್ಣಿರಲಿ.

ಅಮೇರಿಕದ ಕಾಲೇಜು ಫುಟ್‌ಬಾಲ್ ನಮ್ಮದಕ್ಕಿಂತ ಬೇರೆ. ಅದು ಮೈಗೆ ಮೈ ತಾಗಿಸಿ ಆಡುವ ಒರಟು ಆಟ. 2013ರಲ್ಲಿ ಅಲ್ಲಿ, ಎದುರಾಳಿಯ ತಲೆಗೆ ಗುರಿಯಿಟ್ಟು ಹಾಯುವವನನ್ನು ಹೊರಗೆ ಕಳಿಸುವ ನಿಯಮ ತಂದರು. ತಪ್ಪು ಆಟದ ಉತ್ತರಾರ್ಧದಲ್ಲಾದರೆ ಮುಂದಿನ ಪಂದ್ಯದ ಪೂರ್ವಾರ್ಧದಲ್ಲೂ ಅವನು ಕುಳಿತಿರಬೇಕೆಂದರು. ಕಠಿಣವಾದರೂ ಅದಕ್ಕೆ ಅಳತೆಯಿದೆ, ಕೊನೆಯಿದೆ. ಕೊನೆಯೇ ಇಲ್ಲದ ಶಿಕ್ಷೆ ತಿದ್ದುವುದಿಲ್ಲ, ಕೆಡಿಸುತ್ತದೆ.

ಮನೆಯವರು ಮಾಡಬೇಕಾದುದು

ನಾವು ಆ ತಂದೆಗೆ ಹೇಳಿದುದು ಇಷ್ಟೆ. ಮಗನನ್ನು ಮೊದಲು ತರಗತಿಗೆ ಕಳಿಸಿರಿ. ಆಟದ ಅಮಾನತು ಓದಿಗೆ ತಟ್ಟಬಾರದು. ಅವನು ನಿರ್ಣಾಯಕರ ಕ್ಷಮೆ ಕೇಳಿ ಪತ್ರ ಬರೆಯಲಿ. ಬಳಿಕ ಪ್ರಾಚಾರ್ಯರಿಗೆ ವಿನಯದ ಅರ್ಜಿ ಕೊಟ್ಟು, ಆದೇಶ ಲಿಖಿತವಾಗಿ ಬೇಕು, ಕಾರಣವೂ ಅವಧಿಯೂ ಅದರಲ್ಲಿರಬೇಕು, ಹುಡುಗನ ಮಾತನ್ನೂ ಕೇಳಬೇಕು ಎಂದು ಬೇಡಿಕೊಳ್ಳಿರಿ. ಮುಖಂಡರನ್ನು ಕರೆದೊಯ್ದು ಒತ್ತಡ ಹೇರಬೇಡಿರಿ ಎಂದೂ ಹೇಳಿದೆವು. ಶಿಫಾರಸಿನಿಂದ ಶಿಕ್ಷೆ ತಪ್ಪಿಸಿಕೊಂಡ ಮಗ ಎರಡನೆಯ ಸಲ ಇನ್ನೂ ದೊಡ್ಡ ತಪ್ಪು ಮಾಡಿಯಾನು.

ಅವರು ಹಾಗೆಯೇ ಮಾಡಿದರು. ಕಾಲೇಜಿನವರು ಹುಡುಗನನ್ನು ಕರೆದು ಕೇಳಿದರು; ತಪ್ಪನ್ನು ಒಪ್ಪಿಕೊಂಡುದರಿಂದ ಆ ಸಾಲಿನ ಉಳಿದ ಪಂದ್ಯಗಳಿಗೆ ಮಾತ್ರ ಅಮಾನತನ್ನು ಮಿತಿಗೊಳಿಸಿದರು. ಶಿಕ್ಷೆ ತಪ್ಪಲಿಲ್ಲ, ತಪ್ಪಬೇಕಾಗಿಯೂ ಇರಲಿಲ್ಲ. ಆದರೆ ಮರಳಿ ಬರುವ ದಿನ ಯಾವುದೆಂದು ಅವನಿಗೆ ತಿಳಿಯಿತು. ಓದು ಉಳಿಯಿತು.

ಇನ್ನೊಂದು ಮಾತು. ಇಂಡಿ, ಮುದ್ದೇಬಿಹಾಳ, ಸಿಂದಗಿ, ಎಲ್ಲಿಯೇ ಪಂದ್ಯ ನಡೆಯಲಿ, ಗೆರೆಯಾಚೆ ನಿಂತು ನಿರ್ಣಾಯಕರನ್ನು ಬೈಯುವ ಹಿರಿಯರನ್ನು ನಾವು ಕಂಡಿದ್ದೇವೆ. ಆ ಬೈಗುಳನ್ನೇ ಮಕ್ಕಳು ಅಂಗಳದೊಳಕ್ಕೆ ಒಯ್ಯುತ್ತಾರೆ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರು 1980ರ ಮುಂಬಯಿ ಟೆಸ್ಟಿನಲ್ಲಿ ನಾಯಕರಾಗಿದ್ದಾಗ, ಅಂಪೈರು ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ತಾವೇ ಮರಳಿ ಕರೆದರು. ಭಾರತವು ಆ ಪಂದ್ಯವನ್ನು 10 ವಿಕೆಟ್‌ಗಳಿಂದ ಸೋತಿತು. ಆದರೂ ವಿಶ್ವನಾಥರ ಹೆಸರು ಬಂದಲ್ಲೆಲ್ಲ ಜನರು ಆ ನಡೆಯನ್ನು ಗೌರವದಿಂದ ನೆನೆಯುತ್ತಾರೆ. ಮಕ್ಕಳನ್ನು ಮೈದಾನಕ್ಕೆ ಕಳಿಸುವ ಮುನ್ನ ಇಂಥ ಕಥೆಯೊಂದನ್ನು ಹೇಳಿ ಕಳಿಸಿರಿ. ಕೆಂಪು ಕಾರ್ಡು ಕಂಡು ತಲೆ ತಗ್ಗಿಸಿ ಬಂದ ದಿನ ಬಾಗಿಲು ಮುಚ್ಚದೆ, ಊಟಕ್ಕೆ ಬಡಿಸಿ, ಆಮೇಲೆ ತಿದ್ದಿರಿ.