ಥೆರಪಿಯ ಒಂದು ಗಂಟೆ, ಆಟದ ಇಡೀ ದಿನ

ಆಗತಾನೆ ನಡೆಯಲು ಕಲಿತ ಮಗು ಒಂದು ಗಂಟೆಯಲ್ಲಿ ಎಷ್ಟು ಹೆಜ್ಜೆ ಇಡುತ್ತದೆ? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕರೆನ್ ಅಡಾಲ್ಫ್ ಮತ್ತು ಸಂಗಡಿಗರು ಇದನ್ನು ಎಣಿಸಿಯೇ ನೋಡಿದರು. 12ರಿಂದ 19 ತಿಂಗಳ ಮಕ್ಕಳನ್ನು ಆಟದ ಸಾಮಾನಿರುವ ಕೋಣೆಯಲ್ಲಿ ಅವರಷ್ಟಕ್ಕೆ ಬಿಟ್ಟು, ವಿಡಿಯೊ ಮಾಡಿ, ಒಂದೊಂದು ಹೆಜ್ಜೆಯನ್ನೂ ಲೆಕ್ಕ ಹಿಡಿದರು. 2012ರಲ್ಲಿ ಪ್ರಕಟವಾದ ಅವರ ಉತ್ತರ ಹೀಗಿದೆ: ಗಂಟೆಗೆ ಸರಾಸರಿ 2,368 ಹೆಜ್ಜೆ, ಸುಮಾರು 700 ಮೀಟರ್ ದೂರ, 17 ಸಲ ಬೀಳುವುದು. ಇಷ್ಟು ನಡೆ ಎಂದು ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಎಷ್ಟೋ ಸಲ ಆ ನಡಿಗೆಗೆ ತಲುಪಬೇಕಾದ ಜಾಗವೂ ಇರುವುದಿಲ್ಲ. ನಡೆಯುವುದೇ ಆಟ, ಅದಕ್ಕಾಗಿ ನಡೆಯುತ್ತಾರೆ. ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನು ಇಟ್ಟು ನೋಡಬೇಕು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ವಯಸ್ಕರು ಫಿಸಿಯೋಥೆರಪಿಯ ಒಂದು ಅವಧಿಯಲ್ಲಿ ತಮ್ಮ ಬಾಧಿತ ಕೈಯಿಂದ ಉಪಯೋಗದ ಚಲನೆಯನ್ನು ಎಷ್ಟು ಸಲ ಮಾಡುತ್ತಾರೆ ಎಂದು ಅಮೆರಿಕದ ಕ್ಯಾಥರೀನ್ ಲ್ಯಾಂಗ್ ಅವರ ತಂಡ ಎಣಿಸಿತ್ತು. 2009ರಲ್ಲಿ ಬಂದ ಆ ಲೆಕ್ಕದ ಸರಾಸರಿ 32. ಅದು ದೊಡ್ಡವರ ಲೆಕ್ಕ, ಮಕ್ಕಳದ್ದಲ್ಲ. ಆದರೂ ಚಿಕಿತ್ಸೆಯ ಒಂದು ಅವಧಿಯೊಳಗೆ ಎಷ್ಟು ಅಭ್ಯಾಸ ಹಿಡಿಯಬಹುದು ಎಂಬ ಅಂದಾಜು ಅದರಿಂದ ಸಿಗುತ್ತದೆ.

ಬೆಂಗಳೂರಿನಿಂದ ತಾಲ್ಲೂಕು ಪಟ್ಟಣಗಳವರೆಗೆ ಈಗ ಮಕ್ಕಳ ಥೆರಪಿ ಕೇಂದ್ರಗಳು ಕಾಣುತ್ತಿವೆ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ಸ್ಪೀಚ್ ಥೆರಪಿ ಎಂಬ ಮಾತುಗಳು ಮನೆಮಾತಾಗಿವೆ. ಇದು ಒಳ್ಳೆಯದೇ. ಆದರೆ ವಾರಕ್ಕೆರಡು ಸಲ ಮಗುವನ್ನು ಒಳಗೆ ಬಿಟ್ಟು, ಬಾಗಿಲಾಚೆ ಕುರ್ಚಿಯಲ್ಲಿ ಕೂತು, ಮುಕ್ಕಾಲು ಗಂಟೆಯ ನಂತರ ಮನೆಗೆ ಕರೆದುಕೊಂಡು ಹೋಗುವ ಕ್ರಮವೊಂದು ಬೇರೂರುತ್ತಿದೆ. ಮಾತ್ರೆಯಂತೆ ಥೆರಪಿಯೂ ತಜ್ಞರ ಕೈಯಿಂದ ಮಗುವಿನೊಳಕ್ಕೆ ಹೋಗುತ್ತದೆ ಎಂಬ ನಂಬಿಕೆ ಈ ಕ್ರಮದ ಹಿಂದಿದೆ. ಕಳೆದ ಎರಡು ಮೂರು ದಶಕಗಳ ಪುರಾವೆಗಳು ಬೇರೆಯದನ್ನೇ ಹೇಳುತ್ತವೆ. ಮಗುವನ್ನು ಬದಲಿಸುವುದು ಮಗು ತಾನಾಗಿ, ಇಷ್ಟಪಟ್ಟು, ಸಾವಿರಾರು ಸಲ ಮಾಡುವ ಕೆಲಸ. ಯಾವ ಕೆಲಸ, ಯಾವ ಅಳತೆಯ ಕಷ್ಟದಲ್ಲಿ, ಯಾವ ಆಟದ ರೂಪದಲ್ಲಿ ಎಂದು ಆರಿಸಿಕೊಟ್ಟು ಮನೆಯವರಿಗೆ ಕಲಿಸುವುದು ಥೆರಪಿಸ್ಟರ ಕೆಲಸ. ಕೇಂದ್ರದ ಆ ಒಂದು ಗಂಟೆಯನ್ನು ಅಳೆಯಬೇಕಾದದ್ದು ಮನೆಯ ಉಳಿದ ಗಂಟೆಗಳಲ್ಲಿ ಏನಾಯಿತು ಎಂಬುದರಿಂದ.

ಇದಕ್ಕೆ ಕಾರಣ ನರಮಂಡಲ ರೂಪುಗೊಳ್ಳುವ ರೀತಿಯಲ್ಲೇ ಇದೆ. ಮೆದುಳಿನಿಂದ ಬೆನ್ನುಹುರಿಗೆ ಇಳಿದು ಕೈಬೆರಳುಗಳನ್ನು ಆಳುವ ನರತಂತುಗಳು ಹುಟ್ಟುವಾಗ ಅಂತಿಮ ರೂಪದಲ್ಲಿ ಇರುವುದಿಲ್ಲ. ನವಜಾತ ಶಿಶುವಿನಲ್ಲಿ ಮೆದುಳಿನ ಒಂದೊಂದು ಅರ್ಧದಿಂದಲೂ ದೇಹದ ಎರಡೂ ಬದಿಗಳಿಗೆ ತಂತುಗಳು ಹೋಗುತ್ತವೆ. ಮುಂದಿನ ತಿಂಗಳುಗಳಲ್ಲಿ ಅವುಗಳ ನಡುವೆ ಪೈಪೋಟಿ ನಡೆಯುತ್ತದೆ: ಚಟುವಟಿಕೆಯಿಂದಿರುವ ತಂತುಗಳು ಬೆನ್ನುಹುರಿಯಲ್ಲಿ ನೆಲೆ ಹಿಡಿಯುತ್ತವೆ, ಸುಮ್ಮನಿರುವವು ಹಿಂದೆ ಸರಿಯುತ್ತವೆ. ಮೆದುಳಿನ ಒಂದು ಬದಿಗೆ ಪೆಟ್ಟು ಬಿದ್ದು ಸೆರೆಬ್ರಲ್ ಪಾಲ್ಸಿಯಾದ, ಅಂದರೆ ಚಲನೆಯ ಹಿಡಿತ ಕುಂದಿದ ಮಗುವಿನಲ್ಲಿ, ಆ ಪೆಟ್ಟು ಉಳಿಸಿದ್ದ ತಂತುಗಳೂ ಬಳಕೆ ಇಲ್ಲದೆ ಈ ಪೈಪೋಟಿಯಲ್ಲಿ ಸೋಲುತ್ತವೆ. ಮಗು ಸರಿಯಿರುವ ಕೈಯನ್ನೇ ಬಳಸುತ್ತದೆ. ಬಳಸದ ಕೈ ಇನ್ನಷ್ಟು ಹಿಂದುಳಿಯುತ್ತದೆ. ನ್ಯೂಯಾರ್ಕಿನ ಜಾನ್ ಮಾರ್ಟಿನ್ ಅವರ ಪ್ರಯೋಗಾಲಯ ಬೆಕ್ಕಿನ ಮರಿಗಳಲ್ಲಿ ಇದನ್ನು ಪರೀಕ್ಷಿಸಿತು. ಸರಿಯಿರುವ ಮುಂಗಾಲನ್ನು ತಡೆಹಿಡಿದದ್ದಷ್ಟರಿಂದ ಬಾಧಿತ ಮುಂಗಾಲಿನ ಕೌಶಲ ಮರಳಲಿಲ್ಲ. ಎಳವೆಯಲ್ಲೇ ಆ ಕಾಲಿಗೆ ಎಟುಕಿ ಹಿಡಿಯುವ ಅಭ್ಯಾಸ ಮಾಡಿಸಿದಾಗ ಮರಳಿತು. ತಡವಾಗಿ ಮಾಡಿಸಿದ ಅದೇ ಅಭ್ಯಾಸಕ್ಕೆ ಆ ಬಲವಿರಲಿಲ್ಲ. ವಯಸ್ಸು ಮತ್ತು ಅಭ್ಯಾಸ ಎರಡೂ ಸೇರಿದಾಗಲೇ ಫಲ ಎಂಬುದು ಇಲ್ಲಿ ಸ್ಪಷ್ಟ.

ಮಕ್ಕಳ ಮೇಲಿನ ಪ್ರಯೋಗಗಳು ಈ ಮಾತನ್ನು ಇನ್ನೂ ಕುತೂಹಲದ ದಾರಿಯಲ್ಲಿ ಬೆಂಬಲಿಸುತ್ತವೆ. ಸರಿಯಿರುವ ಕೈಗೆ ಗ್ಲೌಸನ್ನೋ ಕಟ್ಟನ್ನೋ ಹಾಕಿ, ಬಾಧಿತ ಕೈಯಿಂದಲೇ ಆಡಿಸುವ ವಿಧಾನ ಮೊದಲು ಬಂತು. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಗಾರ್ಡನ್ ಮತ್ತು ಸಂಗಡಿಗರು ಯಾವ ಕೈಯನ್ನೂ ಕಟ್ಟದೆ ಎರಡೂ ಕೈ ಬೇಕೇಬೇಕಾದ ಆಟಗಳನ್ನು ಆಡಿಸುವ ವಿಧಾನವನ್ನು ರೂಪಿಸಿದರು. 2011ರಲ್ಲಿ ಅವರು 42 ಮಕ್ಕಳಿಗೆ ಎರಡರಲ್ಲಿ ಒಂದನ್ನು 90 ಗಂಟೆಗಳ ಕಾಲ ಕೊಟ್ಟು ಹೋಲಿಸಿದಾಗ, ಕೈಯ ಸುಧಾರಣೆ ಎರಡೂ ಗುಂಪಿನಲ್ಲಿ ಒಂದೇ ಮಟ್ಟದಲ್ಲಿತ್ತು. 2019ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ 36 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ ಅದೇ ಕಡೆಗೆ ಬಂತು: ಕೈ ಕಟ್ಟುವ ವಿಧಾನವನ್ನು ಕಡಿಮೆ ಗಂಟೆಗಳ ಮಾಮೂಲಿ ಥೆರಪಿಗೆ ಹೋಲಿಸಿದರೆ ಅದು ಮೇಲು, ಅಷ್ಟೇ ಗಂಟೆಗಳ ಎರಡು ಕೈ ಆಟಕ್ಕೆ ಹೋಲಿಸಿದರೆ ವ್ಯತ್ಯಾಸ ಕಾಣುವುದಿಲ್ಲ. ಇದನ್ನು ನಿಧಾನವಾಗಿ ಓದಬೇಕು. ವಿಧಾನದ ಹೆಸರಿಗಿಂತ, ಮಗು ಸ್ವತಃ ಕೈಯಾಡಿಸಿದ ಗಂಟೆಗಳು ಮುಖ್ಯವಾದವು. 90 ಗಂಟೆಗಳನ್ನು ವಾರಕ್ಕೆರಡು ಮುಕ್ಕಾಲು ಗಂಟೆಯಂತೆ ತುಂಬಿಸಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಜೊತೆಗೆ, ಯಾವ ಮಗುವೂ ಬರೀ ವ್ಯಾಯಾಮವೆಂದು 90 ಗಂಟೆ ಕೈ ಎತ್ತಿ ಇಳಿಸುವುದಿಲ್ಲ. ಲಂಡನ್ನಿನ ಬ್ರೀದ್ ಮ್ಯಾಜಿಕ್ ಶಿಬಿರಗಳಲ್ಲಿ ಇಂಥ ಮಕ್ಕಳಿಗೆ ಜಾದೂ ಕಲಿಸುತ್ತಾರೆ, ಏಕೆಂದರೆ ಜಾದೂವಿನ ಎಷ್ಟೋ ಕೈಚಳಕಗಳಿಗೆ ಎರಡೂ ಕೈ ಬೇಕು ಮತ್ತು ಅದನ್ನು ಸಾಧಿಸಿ ಮನೆಯವರ ಮುಂದೆ ತೋರಿಸಬೇಕೆಂಬ ಹಂಬಲ ಮಗುವಿಗೇ ಇರುತ್ತದೆ. ನಮ್ಮ ಮನೆಗಳಲ್ಲಿ ಅದಕ್ಕೆ ಜಾದೂ ಬೇಕಿಲ್ಲ. ಅವರೆಕಾಯಿ ಬಿಡಿಸುವುದಕ್ಕೆ ಎರಡು ಕೈ ಬೇಕು, ಚಪಾತಿ ಲಟ್ಟಿಸುವುದಕ್ಕೆ ಬೇಕು, ಲೋಟ ಹಿಡಿದು ಚೊಂಬಿನಿಂದ ನೀರು ಬಗ್ಗಿಸುವುದಕ್ಕೆ ಬೇಕು. ಅಳಗುಳಿಮಣೆಯ ಹುಣಸೆಬೀಜಗಳನ್ನು ಬಾಚಿ ಒಂದೊಂದೇ ಗುಳಿಗೆ ಬಿಡುವುದರಲ್ಲಿ ಬೆರಳಿನ ಹಿಡಿತ, ಎಣಿಕೆ, ತನ್ನ ಸರದಿಗೆ ಕಾಯುವ ತಾಳ್ಮೆ ಮೂರೂ ಇವೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗುವಿನ ಕೈಗೆ ಮಾತ್ರ ಬೀಜ ಕೊಡಬಾರದು.

ಹಾಗಾದರೆ ನುರಿತ ಕೈಗಳು ಮಗುವಿನ ಕೈಕಾಲು ಹಿಡಿದು ಮಾಡಿಸುವ ಚಿಕಿತ್ಸೆಗೆ ಬೆಲೆಯಿಲ್ಲವೇ? ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಹೋದ್ಯೋಗಿಗಳು 2013ರಲ್ಲಿ, ಮತ್ತೆ 2020ರಲ್ಲಿ, ಸೆರೆಬ್ರಲ್ ಪಾಲ್ಸಿಗೆ ಕೊಡುವ ಚಿಕಿತ್ಸೆಗಳನ್ನೆಲ್ಲ ಸಾಲಾಗಿಟ್ಟು, ಪುರಾವೆಯ ಬಲವನ್ನು ನೋಡಿ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿದರು. ಚಲನೆಯ ವಿಷಯದಲ್ಲಿ ಹಸಿರು ಪಡೆದವುಗಳಲ್ಲಿ ಒಂದು ಸಾಮ್ಯ ಎದ್ದು ಕಾಣುತ್ತದೆ: ಮಗು ತಾನೇ ಚಲಿಸುತ್ತದೆ, ನಿಜ ಬದುಕಿನ ಕೆಲಸವನ್ನೇ ಅಭ್ಯಾಸ ಮಾಡುತ್ತದೆ, ಗುರಿಯನ್ನು ಮಗು ಅಥವಾ ಮನೆಯವರು ಆರಿಸಿರುತ್ತಾರೆ, ಅಭ್ಯಾಸ ಮನೆಯಲ್ಲೂ ನಡೆಯುತ್ತದೆ. ಮಗು ಸುಮ್ಮನೆ ಮಲಗಿದ್ದು ಬೇರೆಯವರು ಅದರ ಕೈಕಾಲು ಆಡಿಸುವ ಹಳೆಯ ಪದ್ಧತಿಗಳಿಗೆ ಆ ದರ್ಜೆ ಸಿಗಲಿಲ್ಲ. ಇದು ಎಷ್ಟೋ ಕುಟುಂಬಗಳಿಗೆ ನೋವಿನ ಸಂಗತಿ, ಏಕೆಂದರೆ ದುಡ್ಡು ಕೊಡುವಾಗ ಕಣ್ಣಿಗೆ ಕೆಲಸವೆಂದು ಕಾಣುವುದು ಥೆರಪಿಸ್ಟರು ಬೆವರು ಸುರಿಸುವ ಆ ಪದ್ಧತಿಯೇ. ನೆಲದ ಮೇಲೆ ಕೂತು ಮಗುವಿನ ಜೊತೆ ಚೆಂಡು ಉರುಳಿಸುವವರನ್ನು ನೋಡಿ, ಇದಕ್ಕೆ ಫೀಸು ಕೊಡಬೇಕೆ ಅನ್ನಿಸುತ್ತದೆ. ಚೆಂಡು ಎಷ್ಟು ದೊಡ್ಡದಿರಬೇಕು, ಯಾವ ಕಡೆಯಿಂದ ಬರಬೇಕು, ಮಗು ಎಲ್ಲಿ ತುಸು ವಾಲಿ ತನ್ನನ್ನು ತಾನೇ ಸಂಭಾಳಿಸಿಕೊಳ್ಳಬೇಕು ಎಂದು ತಿಳಿದು ಉರುಳಿಸುವುದರಲ್ಲೇ ವಿದ್ಯೆ ಇದೆ.

ಕೈಕಾಲಿನ ಮಾತು ಸರಿ, ಆದರೆ ಆಟವೇ ಆಡದ ಮಗುವಿಗೆ ಏನು ಮಾಡುವುದು ಎಂಬ ಆಕ್ಷೇಪ ಗಟ್ಟಿಯಾದದ್ದು. ಆಟಿಸಂ ಇರುವ ಎಷ್ಟೋ ಮಕ್ಕಳು ಇನ್ನೊಬ್ಬರ ಜೊತೆ ಆಟಕ್ಕೆ ಬರುವುದಿಲ್ಲ, ಗಾಲಿಯನ್ನೋ ಮುಚ್ಚಳವನ್ನೋ ತಿರುಗಿಸುತ್ತಾ ತಮ್ಮಲ್ಲೇ ಇರುತ್ತಾರೆ. ಬ್ರಿಟನ್ನಿನ ಜೊನಾಥನ್ ಗ್ರೀನ್ ಮತ್ತು ಸಂಗಡಿಗರು ಇಲ್ಲಿ ಮಗುವನ್ನು ಬಿಟ್ಟು ತಂದೆತಾಯಿಯಿಂದ ಆರಂಭಿಸಿದರು. ಮಗುವಿನ ಜೊತೆ ಆಡುವುದನ್ನು ವಿಡಿಯೊ ಮಾಡಿ, ಆಮೇಲೆ ಥೆರಪಿಸ್ಟರ ಜೊತೆ ಕೂತು ನೋಡುತ್ತಾ, ಮಗು ಕಣ್ಣಿನಿಂದ, ಕೈಯಿಂದ, ಸಣ್ಣ ಸದ್ದಿನಿಂದ ಕೊಟ್ಟ ಸೂಚನೆಗಳನ್ನು ಗುರುತಿಸಿ, ಅದಕ್ಕೆ ತಕ್ಕ ಉತ್ತರ ಕೊಡುವುದನ್ನು ಹೆತ್ತವರು ಕಲಿಯುತ್ತಾರೆ. 2010ರಲ್ಲಿ ಪ್ರಕಟವಾದ 152 ಮಕ್ಕಳ ಪ್ರಯೋಗದಲ್ಲಿ ಆಟಿಸಂ ಲಕ್ಷಣಗಳ ಮೇಲಿನ ಪರಿಣಾಮ ದೊಡ್ಡದಿರಲಿಲ್ಲ. ಅದೇ ಮಕ್ಕಳನ್ನು ಸುಮಾರು ಆರು ವರ್ಷಗಳ ನಂತರ ಮತ್ತೆ ನೋಡಿದಾಗ, ಈ ತರಬೇತಿ ಪಡೆದ ಕುಟುಂಬಗಳ ಮಕ್ಕಳಲ್ಲಿ ಲಕ್ಷಣಗಳ ತೀವ್ರತೆ ಕಡಿಮೆ ಇತ್ತು ಎಂದು 2016ರಲ್ಲಿ ವರದಿಯಾಯಿತು. ಅದೇ ವರ್ಷ ಈ ವಿಧಾನವನ್ನು ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಗೆ ಹೊಂದಿಸಿ 65 ಮಕ್ಕಳಲ್ಲಿ ಮಾಡಿದ ಪ್ರಯೋಗದ ವರದಿಯೂ ಬಂತು. ಅಲ್ಲಿ ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು. ಹೆತ್ತವರು ಮಗುವಿನ ಸೂಚನೆಗೆ ಸ್ಪಂದಿಸುವುದು ಹೆಚ್ಚಿತು, ಮಗು ತಾನಾಗಿ ಮಾತುಕತೆಗೆ ತೊಡಗುವುದೂ ಹೆಚ್ಚಿತು. ಇಬ್ಬರೂ ಒಂದೇ ವಸ್ತುವಿನ ಕಡೆ ಗಮನ ಹಂಚಿಕೊಂಡ ಸಮಯ ಮಾತ್ರ, ನಿರೀಕ್ಷೆಗೆ ವಿರುದ್ಧವಾಗಿ, ಕಡಿಮೆಯಾಯಿತು. ಹೀಗೆ ಮಿಶ್ರವಾಗಿ ಬಂದ ಫಲಿತಾಂಶವನ್ನು ಮುಚ್ಚಿಡದೆ ಹೇಳಿದ್ದರಿಂದಲೇ ಆ ಪ್ರಯೋಗದ ಉಳಿದ ಮಾತನ್ನು ನಂಬಬಹುದು. ಆಟ ಬಾರದ ಮಗುವಿಗೂ ಆಟದ ಬೀಜ ಇರುತ್ತದೆ; ತಿರುಗುವ ಆ ಮುಚ್ಚಳದ ಪಕ್ಕ ಕೂತು, ತಾನೂ ಒಂದನ್ನು ತಿರುಗಿಸಿ, ಮಗು ಕತ್ತೆತ್ತಿ ನೋಡುವವರೆಗೆ ಕಾಯುವ ಕಲೆ ಹೆತ್ತವರಿಗೆ ಕಲಿಸಿದರೆ ಬರುತ್ತದೆ.

ಆಟದ ಪರವಾಗಿ ಹೇಳುವಾಗ ಹೆಚ್ಚು ಹೇಳಿಬಿಡುವ ಅಪಾಯವೂ ಇದೆ. ನಟಿಸಿ ಆಡುವ ಆಟ ಬುದ್ಧಿ, ಭಾಷೆ, ಸೃಜನಶೀಲತೆ ಎಲ್ಲವನ್ನೂ ಬೆಳೆಸುತ್ತದೆ ಎಂಬ ಜನಪ್ರಿಯ ಮಾತನ್ನು 2013ರಲ್ಲಿ ಆಂಜೆಲಿನ್ ಲಿಲ್ಲಾರ್ಡ್ ಮತ್ತು ಸಹೋದ್ಯೋಗಿಗಳು ಜರಡಿ ಹಿಡಿದಾಗ, ಕಾರಣ–ಪರಿಣಾಮವನ್ನು ಖಚಿತವಾಗಿ ತೋರಿಸುವ ಪುರಾವೆ ಬಹಳ ಕಡಿಮೆ ಎಂದು ತಿಳಿಯಿತು. ಹಾಗೆಯೇ ಉಜ್ಜುವ ಬ್ರಶ್ಶು, ತೂಗುವ ಉಯ್ಯಾಲೆ, ಭಾರದ ಹೊದಿಕೆಗಳ ಮೂಲಕ ಇಂದ್ರಿಯಗಳನ್ನು ಹೊಂದಿಸುತ್ತೇವೆ ಎನ್ನುವ ಥೆರಪಿಗಳ ಬಗ್ಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಎಚ್ಚರ ಹೇಳಿತ್ತು: ಪುರಾವೆ ಸೀಮಿತ, ಫಲ ಕಾಣುತ್ತಿದೆಯೇ ಎಂದು ಕುಟುಂಬದವರೇ ಅಳೆದು ನೋಡಬೇಕು. ಈ ಎಚ್ಚರಗಳು ಇಲ್ಲಿ ಹೇಳುತ್ತಿರುವ ಮಾತನ್ನು ತೆಗೆದುಹಾಕುವುದಿಲ್ಲ, ಕಿರಿದು ಮಾಡುತ್ತವೆ. ಆಟ ಎಂದ ಮಾತ್ರಕ್ಕೆ ಎಲ್ಲವೂ ಬೆಳೆಯುವುದಿಲ್ಲ. ಯಾವುದನ್ನು ಆಡುತ್ತದೆಯೋ ಅದು ಬೆಳೆಯುತ್ತದೆ. ನಡೆಯಬೇಕಾದ ಮಗುವಿಗೆ ನಡೆಯುವ ಆಟ ಬೇಕು, ಮಾತು ಬೇಕಾದ ಮಗುವಿಗೆ ಎದುರಿನವರು ಕಾದು ಉತ್ತರಿಸುವ ಆಟ ಬೇಕು.

ತಜ್ಞರು ಬೇಡ ಎಂಬ ಅರ್ಥವೂ ಇದಕ್ಕಿಲ್ಲ. ಎರಡು ವರ್ಷವಾದರೂ ಮಾತಾಡದ ಮಗುವನ್ನು ನೋಡಿ, ಇದರ ಸೋದರಮಾವನೂ ಹೀಗೇ ತಡವಾಗಿ ಮಾತಾಡಿದ್ದು ಎಂದು ಸಮಾಧಾನ ಮಾಡಿಕೊಳ್ಳುವ ಮನೆಗಳು ಇವತ್ತಿಗೂ ಇವೆ. ಆ ಮಗುವಿಗೆ ಕಿವಿ ಕೇಳಿಸದೆ ಇರಬಹುದು. ಹಾಗಿದ್ದರೆ ಎಷ್ಟು ಆಡಿಸಿದರೂ ಮಾತು ಬರುವುದಿಲ್ಲ, ಮೊದಲು ಶ್ರವಣಸಾಧನ ಬೇಕು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಿವಿ ಕೇಳಿಸುತ್ತದೆಯೇ ಎಂದು ತಿಂಗಳ ಕೂಸಿನಲ್ಲೂ ಪರೀಕ್ಷಿಸಬಹುದು. ಸೆರೆಬ್ರಲ್ ಪಾಲ್ಸಿಯನ್ನು ಹಿಂದೆ ಒಂದೋ ಎರಡೋ ವರ್ಷ ತುಂಬಿದ ಮೇಲೆ ಹೇಳುತ್ತಿದ್ದರು. ಈಗ ಕೂಸು ತಾನಾಗಿ ಕೈಕಾಲಾಡಿಸುವ ರೀತಿಯನ್ನು ನುರಿತ ಕಣ್ಣು ನೋಡಿ, ಸ್ಕ್ಯಾನ್ ಜೊತೆಗಿಟ್ಟು, ಆರು ತಿಂಗಳೊಳಗೇ ಗುರುತಿಸಬಹುದು. ಬೇಗ ಗುರುತಿಸುವುದು, ಸರಿಯಾದ ಆಟವನ್ನು ಆರಿಸುವುದು, ಮಗು ಬೆಳೆದಂತೆ ಅದನ್ನು ಬದಲಿಸುವುದು ತಜ್ಞರಿಂದಲೇ ಆಗಬೇಕಾದ ಕೆಲಸ.

ಕೊನೆಯ ಆಕ್ಷೇಪಕ್ಕೆ ಉತ್ತರ ಸುಲಭವಲ್ಲ. ಮನೆಯಲ್ಲಿ ಆಡಿಸಬೇಕು ಎಂದಾಗ ಅದು ಯಾರ ಮೇಲೆ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತು. ಹೊಲಕ್ಕೋ ಗಾರ್ಮೆಂಟ್ಸ್‌ಗೋ ಹೋಗಿ ಬಂದು, ಅಡುಗೆ ಮುಗಿಸಿ ಕೂತ ತಾಯಿಗೆ ಇನ್ನೊಂದು ಕೆಲಸ ಹೊರಿಸಿ, ಮಗು ಸುಧಾರಿಸದಿದ್ದರೆ ತಪ್ಪೂ ಅವಳದ್ದೇ ಎನ್ನುವುದು ಅನ್ಯಾಯ. ದಾರಿ ಇದೆ ಎಂಬುದಕ್ಕೆ ಜಮೈಕಾದ ಅನುಭವ ಸಾಕ್ಷಿ. 1986–87ರಲ್ಲಿ ಕಿಂಗ್‌ಸ್ಟನ್‌ನ ಬಡ ಬಡಾವಣೆಗಳಲ್ಲಿ ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಅಪೌಷ್ಟಿಕತೆಯಿಂದ ಕುಗ್ಗಿದ್ದ 129 ಮಕ್ಕಳೊಂದಿಗೆ ಪ್ರಯೋಗ ಆರಂಭಿಸಿದರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ಎರಡು ವರ್ಷ, ವಾರಕ್ಕೊಂದು ಗಂಟೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವಿನ ಜೊತೆ ಆಡುವುದನ್ನು ತಾಯಿಗೆ ತೋರಿಸುತ್ತಿದ್ದಳು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳ ಗಳಿಕೆ ಉಳಿದವರಿಗಿಂತ ಸುಮಾರು ಶೇಕಡಾ 25ರಷ್ಟು ಹೆಚ್ಚಿತ್ತು ಎಂದು 2014ರ ವರದಿ ಹೇಳುತ್ತದೆ. ಇದು ಸಣ್ಣ ಪ್ರಯೋಗ, ಮತ್ತು ಇದೇ ಮಾದರಿಯನ್ನು ಕೊಲಂಬಿಯಾ ದೇಶದಲ್ಲಿ ದೊಡ್ಡದಾಗಿ ಮಾಡಿದಾಗ ಬಂದ ಲಾಭ ಕೆಲವು ವರ್ಷಗಳಲ್ಲಿ ಮಾಸಿತು. ಆದರೆ ಜಮೈಕಾದಲ್ಲಿ ಯಾರೂ ತಾಯಿಗೆ ಹೊಸದಾಗಿ ಒಂದು ಗಂಟೆ ಹುಡುಕು ಎನ್ನಲಿಲ್ಲ. ಸ್ನಾನ, ಊಟ, ಬಟ್ಟೆ ಒಗೆಯುವ ಹೊತ್ತುಗಳೊಳಗೇ ಆಟ ಮತ್ತು ಮಾತು ಸೇರುವಂತೆ ನೋಡಿಕೊಂಡರು, ಮತ್ತು ವಾರವಾರವೂ ಒಬ್ಬಳು ಮನೆಗೆ ಬಂದಳು. ನಮ್ಮಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ಬಂದು ಮಕ್ಕಳನ್ನು ನೋಡಬೇಕು. ತೊಂದರೆ ಕಂಡರೆ ಜಿಲ್ಲಾ ಕೇಂದ್ರದಲ್ಲಿರುವ ಡಿಇಐಸಿಗೆ, ಅಂದರೆ ಮಕ್ಕಳ ತೊಂದರೆಗೆ ಬೇಗನೆ ಚಿಕಿತ್ಸೆ ಆರಂಭಿಸುವ ಕೇಂದ್ರಕ್ಕೆ, ಕಳಿಸಬೇಕು. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ವಾರವಾರ ಬಸ್ಸಿನಲ್ಲಿ ಕೂಸನ್ನು ಹೊತ್ತು ಬರುವುದು ಕೂಲಿ ಬಿಟ್ಟು ಬರುವ ಮಾತು, ಹಾಗಾಗಿ ಮಧ್ಯದಲ್ಲೇ ನಿಂತುಹೋಗುವುದು ಸಹಜ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರರಿಂದ ಆರು ವರ್ಷದವರಿಗೆ. ನರತಂತುಗಳ ಪೈಪೋಟಿ ಜೋರಾಗಿರುವ ಮೊದಲ ಮೂರು ವರ್ಷದ ಮಕ್ಕಳಿಗೆ ಅಲ್ಲಿಂದ ಸಿಗುವುದು ಮುಖ್ಯವಾಗಿ ಮನೆಗೆ ಒಯ್ಯುವ ಆಹಾರ, ಲಸಿಕೆ, ತೂಕದ ದಾಖಲೆ. ಡಿಇಐಸಿಯ ಥೆರಪಿಸ್ಟರು ತಿಂಗಳಿಗೊಮ್ಮೆ ನೋಡಿ ಆಟದ ಯೋಜನೆ ಬರೆದುಕೊಟ್ಟು, ಅದನ್ನು ಕಲಿತ ಕಾರ್ಯಕರ್ತೆ ಆಹಾರದ ಪೊಟ್ಟಣ ಕೊಡುವ ದಿನವೇ ತಾಯಿ, ತಂದೆ, ಅಜ್ಜಿ ಯಾರು ಬಂದಿದ್ದರೂ ಅವರಿಗೆ ಆಡಿ ತೋರಿಸುವಂತಾದರೆ, ತಿಂಗಳಿಗೆ ಬಸ್ಸಿನ ಮೂರು ಪ್ರಯಾಣ ಉಳಿಯುತ್ತವೆ. ಅದಕ್ಕೆ ಕಾರ್ಯಕರ್ತೆಗೆ ತರಬೇತಿ ಬೇಕು, ಈಗಾಗಲೇ ಅವಳ ಮೇಲಿರುವ ದಾಖಲೆ ಪುಸ್ತಕಗಳ ಹೊರೆ ಇಳಿಯಬೇಕು, ಮತ್ತು ಈ ಕೆಲಸಕ್ಕೆ ಬೇರೆ ಗೌರವಧನ ಸೇರಬೇಕು.