ತಪ್ಪಿಗೂ ಒಂದು ಹೆಸರು ಬೇಕು: ಕ್ಲೌಡ್ ತಂತ್ರಾಂಶದ ದೋಷಪಾಠ

ಧಾರವಾಡದಿಂದ ಅಳ್ನಾವರಕ್ಕೆ ಸಾಗುವ ರೈಲು ಮಾರ್ಗದಲ್ಲಿರುವ ಮುಗದ, ಭತ್ತದ ಸಂಶೋಧನೆಗೆ ಹೆಸರಾದ ಊರು. ‘ಮುಗದ ಸುಗಂಧ’ ತಳಿ ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದ ಕೊಡುಗೆ. ಭತ್ತದ ಗದ್ದೆಯಲ್ಲಿ ‘ಬೆಳೆ ಕೆಟ್ಟಿತು’ ಎಂದಷ್ಟೇ ಹೇಳಿದರೆ ಪರಿಹಾರ ದೊರೆಯದು. ಬೆಂಕಿ ರೋಗವೋ, ಕಾಂಡ ಕೊರೆಯುವ ಹುಳುವೋ, ನೀರಿನ ಕೊರತೆಯೋ ಎಂಬುದು ತಿಳಿಯಬೇಕು. ಒಂದೊಂದಕ್ಕೂ ಮದ್ದು ಬೇರೆ. ತಂತ್ರಾಂಶ ಲೋಕದ ‘ಎಕ್ಸೆಪ್ಶನ್ ಕ್ಲಾಸ್’ ಹಿಂದಿರುವುದೂ ಇದೇ ವಿವೇಕ.

ಏನಿದು ಎಕ್ಸೆಪ್ಶನ್?

ಮುಂದುವರಿಯಲಾಗದ ಸ್ಥಿತಿ ಎದುರಾದಾಗ ಪ್ರೋಗ್ರಾಂ ಹೊರಡಿಸುವ ಸೂಚನೆಯೇ ಎಕ್ಸೆಪ್ಶನ್. ಪೈಥಾನ್ ಭಾಷೆಯಲ್ಲಿ ಇಂಥ ಹಲವು ಸೂಚನೆಗಳು ಸಿದ್ಧವಾಗಿಯೇ ಇವೆ. ಆದರೆ ಅವು ಸಾಮಾನ್ಯ ದೋಷಗಳಿಗೆ ಸಂಬಂಧಿಸಿದವು. ಕ್ಲೌಡ್‌ನ ಕಷ್ಟಗಳನ್ನು ಅರಿಯವು. ಆದ್ದರಿಂದ ಮೂಲ ಕ್ಲಾಸಿನಿಂದ ಸ್ವಂತದ್ದೊಂದನ್ನು ಕವಲೊಡೆಸಿಕೊಳ್ಳಬೇಕಾಗುತ್ತದೆ. ಇದಕ್ಕೆ ಎರಡು ಸಾಲು ಸಾಕು.

ಸಾಲ್ಟ್ ತೋರಿದ ದಾರಿ

ಬಾಡಿಗೆಯ ಸರ್ವರುಗಳನ್ನು ಕಡತದಲ್ಲಿ ಬರೆದ ವಿವರದಂತೆ ಸಜ್ಜುಗೊಳಿಸುವ ‘ಸಾಲ್ಟ್’ ತಂತ್ರಾಂಶ ಉತ್ತಮ ನಿದರ್ಶನ. ಅದರಲ್ಲಿ ‘ಸಾಲ್ಟ್‌ಕ್ಲೌಡ್‌ಎಕ್ಸೆಪ್ಶನ್’ ಎಂಬುದು ತಾಯಿ ಕ್ಲಾಸ್. ಅಗತ್ಯ ವಿವರ ಕಡತದಲ್ಲಿ ಇಲ್ಲದಿದ್ದರೆ ‘ಕಾನ್ಫಿಗ್‌ಎರರ್’, ಹುಡುಕಿದ್ದು ಸಿಗದಿದ್ದರೆ ‘ನಾಟ್‌ಫೌಂಡ್’, ಕಾಯುವ ಅವಧಿ ಮೀರಿದರೆ ‘ಎಕ್ಸಿಕ್ಯೂಷನ್‌ಟೈಮ್‌ಔಟ್’ ಮುಂತಾದ ಮಕ್ಕಳು ಅದಕ್ಕಿವೆ.

ಈ ಭೇದದಿಂದ ಲಾಭವೇನು? ಕಡತದ ತಪ್ಪಿಗೆ ಹತ್ತು ಬಾರಿ ಯತ್ನಿಸಿದರೂ ಫಲವಿಲ್ಲ, ಮನುಷ್ಯನೇ ತಿದ್ದಬೇಕು. ಅವಧಿ ಮೀರಿದ್ದರೆ ಮರುಯತ್ನ ಸರಿ, ಆದರೆ ಮೊದಲು ಪರಿಶೀಲನೆ ಅಗತ್ಯ. ಉತ್ತರ ತಡವಾದರೂ ಸರ್ವರ್ ಅಲ್ಲಿ ಹುಟ್ಟಿರಬಹುದು. ಕಣ್ಣುಮುಚ್ಚಿ ಮತ್ತೆ ಕೇಳಿದರೆ ಎರಡು ಸರ್ವರು, ಎರಡು ಬಾಡಿಗೆ!

ಉಪೇಕ್ಷೆಯ ಬೆಲೆ

ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಕಸಾಂಡ್ರ, ಎಚ್‌ಬೇಸ್ ಸೇರಿದಂತೆ ಐದು ವಿತರಿತ ವ್ಯವಸ್ಥೆಗಳ 198 ವೈಫಲ್ಯಗಳನ್ನು ಅಧ್ಯಯನ ಮಾಡಿ 2014ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ ಇಡೀ ವ್ಯವಸ್ಥೆಯನ್ನೇ ಕೆಡವಿದ ವೈಫಲ್ಯಗಳ ಪೈಕಿ ಶೇ. 92ಕ್ಕೆ ಕಾರಣ, ಪ್ರೋಗ್ರಾಂ ತಾನೇ ತಿಳಿಸಿದ್ದ ದೋಷವನ್ನು ಸರಿಯಾಗಿ ನಿಭಾಯಿಸದಿದ್ದುದು. ಸೂಚನೆಯನ್ನು ಹಿಡಿದು ಏನೂ ಮಾಡದೆ ಬಿಟ್ಟ ಪ್ರಸಂಗಗಳೂ ಅದರಲ್ಲಿದ್ದವು.

ಪಾಲಿಸಬೇಕಾದ ಕ್ರಮ

* ನಿರ್ದಿಷ್ಟ ದೋಷವನ್ನು ಮೊದಲು ಹಿಡಿಯಬೇಕು, ತಾಯಿ ಕ್ಲಾಸನ್ನು ಕೊನೆಗೆ. ಕ್ರಮ ತಿರುಗಿದರೆ ಎಲ್ಲವೂ ತಾಯಿಯ ಲೆಕ್ಕಕ್ಕೇ ಸೇರುತ್ತದೆ.

* ಯಾವ ಕಡತ, ಯಾವ ಅಂಶ ತಪ್ಪಿದೆ ಎಂಬುದು ಸಂದೇಶದಲ್ಲಿರಬೇಕು. ಪಾಸ್‌ವರ್ಡ್ ಮಾತ್ರ ಇರಕೂಡದು.

* ಮೂಲ ದೋಷವನ್ನು ಹೊಸದರೊಡನೆ ಜೋಡಿಸಿಯೇ ಕಳುಹಿಸಬೇಕು.

* ಪರಿಹಾರ ಬೇರೆಯಾದರೆ ಮಾತ್ರ ಹೊಸ ಕ್ಲಾಸ್ ಸಾಕು. ಹೆಸರುಗಳೇ ಹೆಚ್ಚಿದರೆ ಅದೂ ಗೊಂದಲವೇ.

ರೋಗದ ಹೆಸರು ತಿಳಿದ ಮಾತ್ರಕ್ಕೆ ಬೆಳೆ ಉಳಿಯದು. ಆದರೆ ಹೆಸರು ತಿಳಿಯದೆ ಸಿಂಪಡಿಸಿದ ಔಷಧ ವ್ಯರ್ಥವೆಂಬುದನ್ನು ರೈತ ಬಲ್ಲ. ತಂತ್ರಜ್ಞನೂ ಅದನ್ನು ಅರಿತರೆ ನಡುರಾತ್ರಿಯ ಎಷ್ಟೋ ಪರದಾಟಗಳು ತಪ್ಪುತ್ತವೆ.