ಮೊಸರು ಒಡೆಯಬಾರದು, ಎಣ್ಣೆ ಬಿಡಬೇಕು: ಮನೇಲೇ ಚಿಕನ್ ವೈಟ್ ಕಡಾಯಿ

ಇವತ್ತಿನ ಕಂತಲ್ಲಿ ಒಂದು ಪಾಕಿಸ್ತಾನಿ ಅಡುಗೆ, ಚಿಕನ್ ವೈಟ್ ಕಡಾಯಿ. ವಿಡಿಯೊಗಳಲ್ಲಿ ನೋಡಿರ್ತೀರಿ: ಬೆಳ್ಳಗಿನ ದಪ್ಪ ಗ್ರೇವಿ, ಮೇಲೆ ಸೀಳಿದ ಹಸಿಮೆಣಸಿನಕಾಯಿ, ಉದ್ದುದ್ದ ಹೆಚ್ಚಿದ ಶುಂಠಿ. ಆಸೆಯಿಂದ ಮನೇಲಿ ಮಾಡಿದ್ರೆ ಅರ್ಧದಲ್ಲೇ ಮೊಸರು ಒಡೆದು, ಬಾಣಲೆ ತುಂಬಾ ಬಿಳಿ ಚೂರು, ತಿಳಿ ನೀರು. ಮುಕ್ಕಾಲು ಕೆಜಿ ಕೋಳಿ, ಒಂದು ಪ್ಯಾಕೆಟ್ ಕ್ರೀಮ್, ಭಾನುವಾರದ ಮಧ್ಯಾಹ್ನ, ಮೂರೂ ಹೋಯ್ತು! ಯಾಕೆ ಹೀಗಾಗುತ್ತೆ, ಹೇಗೆ ತಪ್ಪಿಸೋದು?

ಮೊದಲು ಹೆಸರಿನ ವಿಷಯ. ಕಡಾಯಿ ಅಂದ್ರೆ ನಮ್ಮ ಬಾಣಲೆಯೇ. ಪಾತ್ರೆಯ ಹೆಸರೇ ಅಡುಗೆಗೂ ಬಂತು. ಪಾಕಿಸ್ತಾನದ ಹೋಟೆಲ್‌, ಢಾಬಾಗಳಲ್ಲಿ ಇದನ್ನ ಪ್ಲೇಟ್ ಲೆಕ್ಕದಲ್ಲಲ್ಲ, ಅರ್ಧ ಕೆಜಿ, ಒಂದು ಕೆಜಿ ಅಂತ ತೂಕದ ಲೆಕ್ಕದಲ್ಲಿ ಆರ್ಡರ್ ಮಾಡ್ತಾರೆ. ಪೇಶಾವರದ ನಮಕ್ ಮಂಡಿಯ ಕುರಿಮಾಂಸದ ಕಡಾಯಿಗೆ ಟೊಮೆಟೊನೇ ಜೀವಾಳ. ವೈಟ್ ಕಡಾಯಿಯಲ್ಲಿ ಆ ಜಾಗಕ್ಕೆ ಮೊಸರು, ಕ್ರೀಮ್ ಬರುತ್ತೆ. ಅರಿಶಿನ, ಕೆಂಪು ಖಾರದ ಪುಡಿ ಹಾಕೋದಿಲ್ಲ. ಖಾರ ಬರೋದು ಹಸಿಮೆಣಸು, ಕಾಳುಮೆಣಸಿನಿಂದ.

ಈಗ ಒಡೆಯೋ ಕಥೆ. ಮೊಸರಿನಲ್ಲಿ ಪ್ರೋಟೀನ್ ಬಲೆಯ ಹಾಗೆ ಹೆಣೆದುಕೊಂಡು ನೀರನ್ನ ಹಿಡಿದಿಟ್ಟಿರುತ್ತೆ. ಜೋರು ಬಿಸಿ ಒಮ್ಮೆಲೇ ತಾಗಿದ್ರೆ ಆ ಬಲೆ ಬಿಗಿದು ನೀರನ್ನ ಹೊರಗೆ ಹಿಂಡುತ್ತೆ. ಮೊಸರು ಹುಳಿಯಾಗಿದ್ದಷ್ಟೂ, ಕೊಬ್ಬು ಕಮ್ಮಿಯಿದ್ದಷ್ಟೂ ಅಪಾಯ ಜಾಸ್ತಿ. ಹಾಗಾಗಿ ಗಟ್ಟಿಯಾದ, ಹುಳಿಯಿಲ್ಲದ ಮೊಸರನ್ನ ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗಿಡಿ.

ಮಾಡೋದು ಹೀಗೆ. ಮೂಳೆ ಸಮೇತ 750 ಗ್ರಾಂ ಕೋಳಿ, ಸಣ್ಣ ತುಂಡು. ನಾಲ್ಕು ಚಮಚ ಎಣ್ಣೆ, ಒಂದು ಚಮಚ ಬೆಣ್ಣೆ ಕಾಯಿಸಿ, ಜೋರು ಉರಿಯಲ್ಲಿ ಕೋಳಿಯ ಬಣ್ಣ ಬದಲಾಗೋವರೆಗೆ ಬಾಡಿಸಿ. ಒಂದೂವರೆ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಉಪ್ಪು ಹಾಕಿ, ಹಸಿವಾಸನೆ ಹೋದ ಮೇಲೆ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಿ. ಬೇರೆ ನೀರು ಬೇಡ, ಕೋಳಿಯೇ ನೀರು ಬಿಡುತ್ತೆ. ಆಮೇಲೆ ಮುಚ್ಚಳ ತೆಗೆದು ಆ ನೀರನ್ನ ಇಂಗಿಸಿ.

ಈಗ ಸ್ಟವ್ ಆಫ್ ಮಾಡಿ. ಹೌದು, ಆಫ್! 200 ಗ್ರಾಂ ಮೊಸರಿಗೆ ಒಂದು ಚಮಚ ಕಡಲೆಹಿಟ್ಟು ಸೇರಿಸಿ ಗಂಟಿಲ್ಲದ ಹಾಗೆ ಕಡೆಯಿರಿ. ಹಿಟ್ಟಿನ ಪಿಷ್ಟ ಪ್ರೋಟೀನ್ ಗಂಟುಕಟ್ಟೋದನ್ನ ತಡೆಯುತ್ತೆ. ಬಾಣಲೆಯ ಬಿಸಿ ಮಸಾಲೆ ಎರಡು ಚಮಚ ಮೊಸರಿಗೇ ಹಾಕಿ ಕಲಸಿ, ಆಮೇಲೆ ಮೂರ್ನಾಲ್ಕು ಸಲವಾಗಿ ಬಾಣಲೆಗೆ ಸುರಿದು ಕೈಬಿಡದೆ ತಿರುವಿ. ಪೂರ್ತಿ ಬೆರೆತ ಮೇಲಷ್ಟೇ ಸ್ಟವ್ ಹಚ್ಚಿ, ಉರಿ ನಿಧಾನವಾಗಿ ಏರಿಸಿ.

ಇಲ್ಲಿಂದ ಏಳೆಂಟು ನಿಮಿಷ ಬಾಡಿಸೋದಿದೆಯಲ್ಲ, ಅದನ್ನ ಅಲ್ಲಿ ಭುನಾಯಿ ಅಂತಾರೆ. ನೀರಿನಂಶ ಹೋಗಿ, ಮಸಾಲೆ ಕೋಳಿಗೆ ಅಂಟಿ, ಅಂಚಲ್ಲಿ ಎಣ್ಣೆ ಕಾಣಿಸುತ್ತೆ. ತುಂಬಾ ಜನ ಎಡವೋದು ಇಲ್ಲೇ. ಎಣ್ಣೆ ಕಂಡ ಕೂಡಲೇ 'ಅಯ್ಯೋ, ಒಡೀತು' ಅಂತ ನೀರು ಸುರೀತಾರೆ. ಬಿಳಿ ಚೂರು, ತಿಳಿ ನೀರು ಕಂಡ್ರೆ ಮೊಸರು ಒಡೆದಿದೆ. ಮಸಾಲೆ ಮುದ್ದೆಯಾಗಿ, ಪಕ್ಕದಲ್ಲಿ ಎಣ್ಣೆ ಮಿನುಗಿದ್ರೆ ಅಡುಗೆ ಹದಕ್ಕೆ ಬಂದಿದೆ.

ಈಗ ಒಂದೊಂದು ಚಮಚ ಕುಟ್ಟಿದ ಕಾಳುಮೆಣಸು, ಹುರಿದ ಜೀರಿಗೆ ಪುಡಿ, ಧನಿಯಾ ಪುಡಿ, ಸೀಳಿದ ಐದಾರು ಹಸಿಮೆಣಸು ಹಾಕಿ. ಉರಿ ಸಣ್ಣ ಮಾಡಿ 100 ಎಂಎಲ್ ಕ್ರೀಮ್ ಸೇರಿಸಿ. ಎರಡೇ ನಿಮಿಷ, ಕುದಿಸಬೇಡಿ. ದಪ್ಪ ತುಂಡನ್ನ ಮೂಳೆಯ ಹತ್ತಿರ ಸೀಳಿ ನೋಡಿ, ಒಳಗೆ ಹಸಿಯಿರಬಾರದು. ಥರ್ಮಾಮೀಟರ್ ಇದ್ರೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಕೊನೆಗೆ ಉದ್ದ ಹೆಚ್ಚಿದ ಶುಂಠಿ, ಅಂಗೈಯಲ್ಲಿ ಉಜ್ಜಿದ ಕಸೂರಿ ಮೇಥಿ. ನಮ್ಮ ಅಂಗಡಿಗಳಲ್ಲೂ ಸಿಗೋ ಈ ಸೊಪ್ಪಿಗೆ ಹೆಸರು ಬಂದಿದ್ದು ಲಾಹೋರ್ ಹತ್ತಿರದ ಕಸೂರ್ ಊರಿನಿಂದ.

ಇಷ್ಟಾದ್ರೂ ಮೊಸರು ಒಡೆದ್ರೆ? ಎಸೀಬೇಡಿ. ಕ್ರೀಮ್ ಹಾಕೋ ಮೊದಲು, ನೀರು ಪೂರ್ತಿ ಇಂಗೋವರೆಗೆ ಬಾಡಿಸಿ. ಚೂರುಗಳು ಬಹುಪಾಲು ಮಸಾಲೆಯಲ್ಲಿ ಸೇರಿಹೋಗುತ್ತೆ. ನೋಡೋಕೆ ಸ್ವಲ್ಪ ತರಿತರಿ, ರುಚಿಗೇನೂ ಮೋಸ ಇಲ್ಲ. ನಾನ್ ಇಲ್ಲದಿದ್ರೆ ಚಪಾತಿ ಜೊತೆ ಬಿಸಿಬಿಸಿ ತಿನ್ನಿ. ಮುಂದಿನ ಕಂತಲ್ಲಿ ಸಿಗೋಣ.